ಸುದ್ದಿ ಯಾವಾಗ ಹಳತಾಗುತ್ತದೆ? ಅಂತರ್ಜಾಲ, ಬ್ಲಾಗು ಮತ್ತು ಗಡಿಯಾಚೆಯ ಕನ್ನಡ ಓದುಗ

ಗಡಿಯಾಚೆಯ ಕನ್ನಡದ ಬಗ್ಗೆ ಮಾತು ಬಂದಾಗ ನಾವು ಸಾಮಾನ್ಯವಾಗಿ ಶಾಲೆ, ಆಡಳಿತ ಭಾಷೆ, ಸಾಹಿತ್ಯ, ಮಹಾಜನ ವರದಿ ಇವುಗಳಿಂದ ಶುರು ಮಾಡ್ತೇವೆ. ನಾನು ಇವತ್ತು ಪತ್ರಿಕೆಯಿಂದ ಶುರು ಮಾಡ್ತೇನೆ. ಕಾಸರಗೋಡಿನಂಥ ಊರಲ್ಲಿ ಕನ್ನಡ ದಿನನಿತ್ಯ ಮನೆಯೊಳಗೆ ಬರುವ ದಾರಿಗಳಲ್ಲಿ ಪತ್ರಿಕೆ ದೊಡ್ಡದು. ಆ ಪತ್ರಿಕೆಯ ಸುದ್ದಿಗೆ ಅಂತರ್ಜಾಲ ಬಂದ ಮೇಲೆ, ಅದರಲ್ಲೂ ಬ್ಲಾಗು ಬಂದ ಮೇಲೆ ಏನಾಯ್ತು ಎನ್ನುವುದು ನನ್ನ ಪ್ರಶ್ನೆ.

ಈ ಪ್ರಶ್ನೆಗೆ ಸಿದ್ಧ ಉತ್ತರ ಒಂದು ಉಂಟು: ಸುದ್ದಿ ವೇಗವಾಯ್ತು. ಇದು ಸುಳ್ಳಲ್ಲ. ಆದರೆ ವೇಗ ಅಂತರ್ಜಾಲದ ಕಂಡುಹಿಡಿತ ಏನೂ ಅಲ್ಲ. ಟೆಲಿಗ್ರಾಫ್ ಬಂದಾಗಲೂ ಇದೇ ಮಾತು ಹೇಳಿದ್ರು, ರೇಡಿಯೋ ಬಂದಾಗಲೂ ಹೇಳಿದ್ರು, ಇಪ್ಪತ್ತನಾಲ್ಕು ಗಂಟೆಯ ಟಿವಿ ಬಂದಾಗಲೂ ಹೇಳಿದ್ರು. ನನಗೆ ಮುಖ್ಯ ಅನಿಸುವುದು ಬೇರೆ ಎರಡು ಸಂಗತಿ. ಒಂದು, ಒಂದು ಸುದ್ದಿ ಎಷ್ಟು ದಿನ ಬದುಕಿರಬೇಕು, ಯಾವಾಗ ಅದು ‘ಹಳತು’ ಅಂತ ತೀರ್ಮಾನ ಮಾಡುವವರು ಯಾರು? ಎರಡು, ಅದು ಎಲ್ಲಿಯ ತನಕ ಹೋಗಬೇಕು ಅಂತ ತೀರ್ಮಾನ ಮಾಡುವವರು ಯಾರು? ಮುದ್ರಣದ ಕಾಲದಲ್ಲಿ ಈ ಎರಡೂ ಅಧಿಕಾರ ಪತ್ರಿಕೆಯ ಕಚೇರಿಯಲ್ಲಿ ಇತ್ತು. ಬ್ಲಾಗು ಮೊದಲು ಕೈ ಹಾಕಿದ್ದು ಈ ಅಧಿಕಾರಕ್ಕೆ.

ಮುದ್ರಣದ ಕಥೆಯನ್ನು ಬೇಗ ಹೇಳಿ ಮುಗಿಸ್ತೇನೆ, ಇಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದೇ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಟಿತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಸಂಪಾದಕರು, ಕಲ್ಲಚ್ಚಿನ ಮುದ್ರಣ, ಹದಿನೈದು ದಿನಕ್ಕೊಮ್ಮೆ. ಆಗ ಮಂಗಳೂರು, ಕಾಸರಗೋಡು ಎರಡೂ ಮದ್ರಾಸ್ ಪ್ರೆಸಿಡೆನ್ಸಿಯ ಒಂದೇ ಕೆನರಾ ಜಿಲ್ಲೆಯಲ್ಲಿದ್ದವು. ಸುದ್ದಿಗೆ ನಡುವೆ ಗಡಿ ಇರಲಿಲ್ಲ. 1956ರ ನವೆಂಬರ್ 1ಕ್ಕೆ ಗಡಿ ಬಂತು. ಅದರ ಮೇಲೆ, ದೊಡ್ಡ ದಿನಪತ್ರಿಕೆಗಳು ಊರೂರಿಗೆ ಬೇರೆ ಆವೃತ್ತಿ ಮಾಡತೊಡಗಿದಾಗ, ಇನ್ನೊಂದು ಗಡಿಯೂ ಬಂತು. ಅದನ್ನು ಆವೃತ್ತಿಯ ಗಡಿ ಅಂತ ಕರೆಯುತ್ತೇನೆ. ಮಂಗಳೂರಿನಿಂದ ಬರುವ ಪತ್ರಿಕೆಯ ಕಾಸರಗೋಡು ಪುಟದಲ್ಲಿ ಬಂದ ಸುದ್ದಿಯನ್ನು ಕಾಸರಗೋಡಿನವರು ಓದ್ತಾರೆ. ಅದು ಬೆಂಗಳೂರಿಗೆ ಹೋಗುವುದಿಲ್ಲ, ಕಲಬುರಗಿಗೂ ಹೋಗುವುದಿಲ್ಲ. ನಮ್ಮೂರಿನ ಸುದ್ದಿ ಕನ್ನಡದಲ್ಲಿ ಅಚ್ಚಾದರೂ ಅದನ್ನು ಓದುವವರು ಅದು ಮೊದಲೇ ಗೊತ್ತಿದ್ದವರು! ಸೊಲ್ಲಾಪುರದ, ಆದೋನಿಯ, ತಾಳವಾಡಿಯ ಗೆಳೆಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ ಅಂದುಕೊಳ್ತೇನೆ.

ಊರ ಬಾತ್ಮೀದಾರರ ಕೆಲಸವೂ ಇದಕ್ಕೆ ಹೊಂದಿಕೊಂಡೇ ಇತ್ತು. ಸುದ್ದಿ ಬರೆದು ಕವರಿನಲ್ಲಿ ಹಾಕಿ ಮಂಗಳೂರು ಬಸ್ಸಿಗೆ ಕೊಡುವುದು. ಬಸ್ಸು ತಪ್ಪಿದರೆ ಸುದ್ದಿ ಮರುದಿನಕ್ಕೆ. ಮರುದಿನಕ್ಕೆ ಹೋದದ್ದು ಕೆಲವು ಸಲ ಬರುವುದೇ ಇಲ್ಲ, ಯಾಕೆಂದರೆ ಅಷ್ಟರಲ್ಲಿ ಅದು ಹಳತು.

ಇದರಿಂದ ಏನಾಗ್ತದೆ ಎನ್ನುವುದಕ್ಕೆ ನಮ್ಮ ಜಿಲ್ಲೆಯದ್ದೇ ಉದಾಹರಣೆ ಎಂಡೋಸಲ್ಫಾನ್. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಸುಮಾರು 4,700 ಹೆಕ್ಟೇರ್ ಗೇರು ತೋಟಗಳಿಗೆ 70ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಲ್ಲಿ ಈ ಕೀಟನಾಶಕ ಸಿಂಪಡಿಸಿದರು. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ಅಂಗವಿಕಲ ಕರುಗಳು ಹುಟ್ಟುತ್ತಿದ್ದುದು ಮೊದಲ ವರ್ಷಗಳಲ್ಲೇ ಜನರ ಗಮನಕ್ಕೆ ಬಂದಿತ್ತು. ಅದೇ ಊರಿನವರಾದ ಪತ್ರಕರ್ತ ಶ್ರೀಪಡ್ರೆಯವರು 80ರ ದಶಕದ ಆರಂಭದಲ್ಲೇ ಇದನ್ನು ಸಿಂಪಡಣೆಗೆ ಜೋಡಿಸಿ ಬರೆದರು. ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳಲ್ಲಿ ಏನೋ ವಿಚಿತ್ರ ಉಂಟು ಅಂತ ಗಮನಿಸಿ ಹೇಳುತ್ತ ಬಂದರು. ಕೃಷಿ ಇಲಾಖೆಯ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಕೋರ್ಟಿಗೆ ಹೋದರು. ದಿಲ್ಲಿಯ ‘ಡೌನ್ ಟು ಅರ್ತ್’ ಪತ್ರಿಕೆ ಪಡ್ರೆಯ ರಕ್ತ, ನೀರು, ಮಣ್ಣಿನ ಮಾದರಿಗಳ ಪರೀಕ್ಷೆಯ ವರದಿಯನ್ನು ಪ್ರಕಟಿಸಿದ್ದು 2001ರ ಫೆಬ್ರವರಿಯಲ್ಲಿ. ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಅದು ಸೇರಿದ್ದು 2011ರ ಏಪ್ರಿಲಿನಲ್ಲಿ, ಸುಪ್ರೀಂ ಕೋರ್ಟು ದೇಶದಲ್ಲಿ ತಡೆದದ್ದು ಅದೇ ಮೇ ತಿಂಗಳಲ್ಲಿ.

ಲೆಕ್ಕ ಹಾಕಿ. ಸುದ್ದಿ ಇತ್ತು, ಬರೆಯುವವರು ಊರಲ್ಲೇ ಇದ್ದರು, ಬರೆದರು ಕೂಡ. ಆದರೂ ಇಡೀ ದೇಶಕ್ಕೆ ಅದು ‘ಸುದ್ದಿ’ ಆಗ್ಲಿಕ್ಕೆ ಇಪ್ಪತ್ತು ವರ್ಷ ಬೇಕಾಯ್ತು. ಗಡಿಯ ಆಚೆ, ದಕ್ಷಿಣ ಕನ್ನಡದ ಕೊಕ್ಕಡದ ಕಡೆಯ ಗೇರು ತೋಟಗಳಿಗೂ ಇದೇ ಮದ್ದು ಬಿದ್ದಿತ್ತು. ಅಲ್ಲೂ ಅದೇ ಥರದ ಮಕ್ಕಳು ಹುಟ್ಟಿದರು. ಕರ್ನಾಟಕ ಸರ್ಕಾರ ನಿಷೇಧ ಹೇರಿದ್ದು 2011ರಲ್ಲಿ. ಪಡ್ರೆಯಿಂದ ಕೊಕ್ಕಡ ಎಷ್ಟು ದೂರ ಅಂತ ನಕ್ಷೆಯಲ್ಲಿ ನೋಡಿ. ಇದಕ್ಕೆ ಆವೃತ್ತಿಯ ಗಡಿಯೊಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಕೀಟನಾಶಕ ಉದ್ಯಮದ ಬಲ, ಎರಡು ಸರ್ಕಾರಗಳ ನಿಧಾನ ಎಲ್ಲ ಉಂಟು. ಆದರೆ ಆ ಗಡಿಗೆ ಇದರಲ್ಲಿ ಪಾಲೇ ಇಲ್ಲ ಅಂತ ನಂಬುವುದು ನನಗೆ ಕಷ್ಟ.

ಈಗ ಅಮೆರಿಕಕ್ಕೆ ಹೋಗಬೇಕಾಗ್ತದೆ. ಸುದ್ದಿ ಹಳತಾಗುವುದನ್ನು ಪತ್ರಿಕೆಯಲ್ಲದ ಜನ ಮೊದಲು ತಡೆದದ್ದು ಅಲ್ಲಿ.

1998ರ ಜನವರಿ 17ರಂದು ಮ್ಯಾಟ್ ಡ್ರಜ್ ಎಂಬ ವ್ಯಕ್ತಿ ತನ್ನ ‘ಡ್ರಜ್ ರಿಪೋರ್ಟ್’ ಜಾಲತಾಣದಲ್ಲಿ, ಅಧ್ಯಕ್ಷ ಕ್ಲಿಂಟನ್ ಮತ್ತು ಶ್ವೇತಭವನದ ಒಬ್ಬ ತರುಣಿಯ ಬಗೆಗಿನ ವರದಿಯನ್ನು ‘ನ್ಯೂಸ್‌ವೀಕ್’ ತಡೆಹಿಡಿದಿದೆ ಅಂತ ಬರೆದ. ವರದಿ ಮಾಡಿದ್ದು ನ್ಯೂಸ್‌ವೀಕಿನ ಪತ್ರಕರ್ತರು, ಕಷ್ಟಪಟ್ಟದ್ದು ಅವರು. ಡ್ರಜ್ ಹೊರಹಾಕಿದ್ದು ‘ತಡೆಹಿಡಿದಿದ್ದಾರೆ’ ಎಂಬ ಸಂಗತಿಯನ್ನು. ಸಾಮಾನ್ಯವಾಗಿ ಅಂತರ್ಜಾಲ ಪತ್ರಿಕೋದ್ಯಮದ ಚರಿತ್ರೆಯನ್ನು ಇಲ್ಲಿಂದಲೇ ಬರೆಯುತ್ತಾರೆ. ನನಗೇನೋ ಇದು ಅಷ್ಟು ದೊಡ್ಡ ತಿರುವು ಅನಿಸುವುದಿಲ್ಲ. ಇನ್ನೊಬ್ಬರ ಅಡುಗೆಮನೆಯಲ್ಲಿ ಏನು ಬೇಯುತ್ತಿದೆ ಅಂತ ಹೊರಗೆ ಹೇಳುವ ಕೆಲಸ ಮೊದಲೂ ಇತ್ತು.

ನಿಜವಾದ ತಿರುವು 2002ರ ಡಿಸೆಂಬರಿನದ್ದು. ಡಿಸೆಂಬರ್ 5ರಂದು ಸೆನೆಟರ್ ಸ್ಟ್ರಾಮ್ ಥರ್ಮಂಡ್ ಅವರಿಗೆ ನೂರು ವರ್ಷ ತುಂಬಿದ ಸಮಾರಂಭ. ಈ ಥರ್ಮಂಡ್ 1948ರಲ್ಲಿ ಕರಿಯರನ್ನೂ ಬಿಳಿಯರನ್ನೂ ಬೇರ್ಪಡಿಸಿಡಬೇಕು ಎಂಬ ನೀತಿಯ ಮೇಲೆ ಅಧ್ಯಕ್ಷ ಚುನಾವಣೆಗೆ ನಿಂತವರು. ಸೆನೆಟಿನಲ್ಲಿ ರಿಪಬ್ಲಿಕನ್ ಪಕ್ಷದ ನಾಯಕ ಟ್ರೆಂಟ್ ಲಾಟ್ ಮಾತಾಡುತ್ತಾ, ನಮ್ಮ ಮಿಸಿಸಿಪಿ ರಾಜ್ಯ ಅವತ್ತು ಇವರಿಗೇ ಮತ ಹಾಕಿತ್ತು, ಅದಕ್ಕೆ ನಮಗೆ ಹೆಮ್ಮೆ, ಉಳಿದ ದೇಶವೂ ಹಾಗೇ ಮಾಡಿದ್ದರೆ ಇಷ್ಟು ವರ್ಷದ ತೊಂದರೆಗಳು ಇರ್ತಿರಲಿಲ್ಲ ಎಂಬ ಅರ್ಥದ ಮಾತು ಆಡಿದರು. ಸಭೆಯಲ್ಲಿ ವರದಿಗಾರರು ಇದ್ದರು. ಸಿ-ಸ್ಪ್ಯಾನ್ ವಾಹಿನಿಯಲ್ಲಿ ಪ್ರಸಾರವೂ ಆಯ್ತು. ಮರುದಿನದ ಪತ್ರಿಕೆಗಳಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಮುದುಕರೊಬ್ಬರ ಹುಟ್ಟುಹಬ್ಬದಲ್ಲಿ ಯಾರೋ ಸೌಜನ್ಯಕ್ಕೆ ಹೇಳಿದ ಮಾತು ಅಂತ ಬಿಟ್ಟರು.

ಮಾಮೂಲಿ ಲೆಕ್ಕದಲ್ಲಿ ಇದು ಅಲ್ಲಿಗೆ ಸತ್ತ ಸುದ್ದಿ. ಆದರೆ ಜಾಶ್ ಮಾರ್ಷಲ್ ಅವರ ‘ಟಾಕಿಂಗ್ ಪಾಯಿಂಟ್ಸ್ ಮೆಮೊ’ದಂಥ ಬ್ಲಾಗುಗಳು ಅದನ್ನು ಬಿಡಲಿಲ್ಲ. ದಿನಾ ಬರೆದರು. ಥರ್ಮಂಡ್ 1948ರಲ್ಲಿ ಏನು ಹೇಳಿ ಮತ ಕೇಳಿದ್ದರು ಅಂತ ಹಳೆಯ ಕಾಗದ ತೆಗೆದು ತೋರಿಸಿದರು. ಲಾಟ್ 1980ರಲ್ಲೂ ಇಂಥದ್ದೇ ಮಾತು ಆಡಿದ್ದು ಹೊರಗೆ ಬಂತು. ವಿಶೇಷ ಏನೆಂದರೆ ಎಡದವರು ಮಾತ್ರ ಅಲ್ಲ, ಲಾಟ್ ಅವರ ಪಕ್ಷದ ಕಡೆಗೆ ಒಲವಿದ್ದ ಬ್ಲಾಗಿಗರೂ ಟೀಕಿಸಿದರು. ಕೆಲವು ದಿನ ಕಳೆದು ದೊಡ್ಡ ಪತ್ರಿಕೆಗಳು ವಾಪಸ್ ಬಂದವು. ಡಿಸೆಂಬರ್ 20ಕ್ಕೆ ಲಾಟ್ ನಾಯಕನ ಸ್ಥಾನ ಬಿಟ್ಟುಕೊಟ್ಟರು.

ಇಲ್ಲಿ ಬ್ಲಾಗು ಯಾವ ಹೊಸ ಸುದ್ದಿಯನ್ನೂ ಮೊದಲು ಕೊಡಲಿಲ್ಲ ಎನ್ನುವುದನ್ನು ಗಮನಿಸಬೇಕು. ಭಾಷಣ ಬಹಿರಂಗ, ದಾಖಲೆ ಗ್ರಂಥಾಲಯದಲ್ಲಿ. ವೇಗದ ಪ್ರಶ್ನೆಯೇ ಇಲ್ಲ. ಬ್ಲಾಗು ಮಾಡಿದ್ದು ನಿಧಾನದ ಕೆಲಸ, ಹಳತಾದದ್ದನ್ನು ಹಳತಾಗಲು ಬಿಡದೆ ಇದ್ದದ್ದು. ಪಡ್ರೆಯಲ್ಲಿ ಕೆಲವರು ಇಪ್ಪತ್ತು ವರ್ಷ ಬಿಡಾಡಿ ಬಿಡದೆ ಮಾಡಿದ್ದೂ ಇದೇ ಕೆಲಸ. ಅವರ ಕೈಯಲ್ಲಿ ಆಗ ಈ ಸಲಕರಣೆ ಇರಲಿಲ್ಲ, ಅಷ್ಟೇ.

ಎರಡನೆಯ ಪ್ರಸಂಗ 2004ರದ್ದು. ಸೆಪ್ಟೆಂಬರ್ 8ರಂದು ಸಿಬಿಎಸ್ ವಾಹಿನಿಯಲ್ಲಿ ಡ್ಯಾನ್ ರಾದರ್ ಅಧ್ಯಕ್ಷ ಬುಷ್ ಅವರ ತರುಣ ವಯಸ್ಸಿನ ಸೇನಾ ಸೇವೆಯ ಬಗ್ಗೆ 70ರ ದಶಕದ ಟಿಪ್ಪಣಿಗಳು ಅಂತ ಕೆಲವು ಕಾಗದ ತೋರಿಸಿದರು. ಕೆಲವೇ ಗಂಟೆಗಳಲ್ಲಿ ಓದುಗರು ಕೇಳಿದರು: ಅಕ್ಷರಗಳ ನಡುವಿನ ಅಂತರ ನೋಡಿ, ಸಣ್ಣದಾಗಿ ಮೇಲೆ ಕೂತ ಆ ‘ಟಿಎಚ್’ ನೋಡಿ, ಇದು ಆ ಕಾಲದ ಸೇನಾ ಕಚೇರಿಯ ಟೈಪ್‌ರೈಟರಿನದ್ದೋ ಅಥವಾ ಮೈಕ್ರೋಸಾಫ್ಟ್ ವರ್ಡಿನದ್ದೋ? ‘ಲಿಟಲ್ ಗ್ರೀನ್ ಫುಟ್‌ಬಾಲ್ಸ್’ ಎಂಬ ಬ್ಲಾಗಿನ ಚಾರ್ಲ್ಸ್ ಜಾನ್ಸನ್ ಅದೇ ಟಿಪ್ಪಣಿಯನ್ನು ವರ್ಡಿನಲ್ಲಿ ಟೈಪ್ ಮಾಡಿ ಪಕ್ಕದಲ್ಲಿಟ್ಟು ತೋರಿಸಿದರು. ಸೆಪ್ಟೆಂಬರ್ 20ಕ್ಕೆ ಸಿಬಿಎಸ್, ದಾಖಲೆಗಳನ್ನು ಅಸಲಿ ಅಂತ ಸಾಬೀತು ಮಾಡಲು ತನಗೆ ಆಗುವುದಿಲ್ಲ ಅಂತ ಒಪ್ಪಿಕೊಂಡಿತು. 2005ರ ಮಾರ್ಚಿನಲ್ಲಿ ರಾದರ್ ಸಂಜೆ ವಾರ್ತೆಯ ಕುರ್ಚಿಯಿಂದ ಇಳಿದರು. ಓದುಗನು ಸುದ್ದಿಯನ್ನು ಬರೀ ಓದುವುದಲ್ಲ, ಪರಿಶೀಲಿಸ್ತಾನೆ ಎಂಬುದಕ್ಕೆ ಈ ಪ್ರಸಂಗವನ್ನು ಎಲ್ಲರೂ ಎತ್ತಿ ಹೇಳ್ತಾರೆ. ಸರಿಯೇ. ಆದರೆ ಅಕ್ಷರದ ಅಳತೆಯ ಜಗಳದಲ್ಲಿ ಮೂಲ ಪ್ರಶ್ನೆ, ಅಂದ್ರೆ ಆ ಮನುಷ್ಯ ತನ್ನ ಸೇವೆಯನ್ನು ಸರಿಯಾಗಿ ಮಾಡಿದ್ದನೋ ಇಲ್ಲವೋ ಎಂಬುದು ಮೂಲೆಗೆ ಹೋಯ್ತು. ಪರಿಶೀಲಿಸಿದವರು ನಿಷ್ಪಕ್ಷಪಾತಿಗಳೂ ಆಗಿರಲಿಲ್ಲ.

ಅಲ್ಲಿ ಫಾಂಟು ಸುದ್ದಿಯ ದೋಷವನ್ನು ಹಿಡಿದುಕೊಟ್ಟಿತು. ಅದೇ ಹೊತ್ತಿಗೆ ನಮ್ಮಲ್ಲಿ ಫಾಂಟು ಸುದ್ದಿಯನ್ನೇ ಹಿಡಿದಿಟ್ಟುಕೊಂಡಿತ್ತು! ಕನ್ನಡ ಅಂತರ್ಜಾಲದ ಚರಿತ್ರೆ ಬರೆಯುವವರು ಇದನ್ನು ತಾಂತ್ರಿಕ ಸಂಗತಿ ಅಂತ ಅಡಿಟಿಪ್ಪಣಿಗೆ ಹಾಕ್ತಾರೆ. ನನ್ನ ಪ್ರಕಾರ ಅದು ಮುಖ್ಯ ಪಠ್ಯಕ್ಕೆ ಬರಬೇಕು.

ಯು. ಬಿ. ಪವನಜ ಅವರ ‘ವಿಶ್ವಕನ್ನಡ’ 1996ರಲ್ಲೇ ಅಂತರ್ಜಾಲದಲ್ಲಿ ಕನ್ನಡ ಪತ್ರಿಕೆಯಾಗಿ ಬಂದಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಟೈಪ್ ಮಾಡುವುದು ಸುಲಭವಾಯ್ತು. ಆದರೆ ಆ ಕಾಲದ ಕನ್ನಡ ಫಾಂಟುಗಳ ಒಳಗೆ ಇರ್ತಿದ್ದದ್ದು ಇಂಗ್ಲಿಷ್ ಅಕ್ಷರದ ಸಂಕೇತಗಳು, ಮೇಲೆ ಕನ್ನಡದ ಅಂಗಿ. ಒಬ್ಬೊಬ್ಬರ ಅಂಗಿ ಒಂದೊಂದು ಅಳತೆ. ನಿಮ್ಮ ಕಂಪ್ಯೂಟರಿನಲ್ಲಿ ಆ ಪತ್ರಿಕೆಯ ಫಾಂಟು ಇಲ್ಲದಿದ್ದರೆ ಪರದೆ ತುಂಬ ತಲೆಬುಡ ಇಲ್ಲದ ಚಿಹ್ನೆಗಳು. ಹುಡುಕು ಯಂತ್ರಕ್ಕೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ. ಅಂದ್ರೆ ಸುದ್ದಿ ಜಾಲದಲ್ಲಿ ಉಂಟು, ಆದರೆ ಹುಡುಕಿದರೆ ಸಿಕ್ಕುವುದಿಲ್ಲ, ಸಿಕ್ಕಿದರೆ ಓದಲಾಗುವುದಿಲ್ಲ. ಜಾಶ್ ಮಾರ್ಷಲ್ ಮಾಡಿದ ಕೆಲಸಕ್ಕೆ ಬೇಕಾದ್ದೇ ಹುಡುಕುವುದು ಮತ್ತು ಕೊಂಡಿ ಹಾಕುವುದು. ಕನ್ನಡದಲ್ಲಿ ಆಗ ಆ ಎರಡೂ ಇಲ್ಲ.

ಯೂನಿಕೋಡಿನಲ್ಲಿ ಕನ್ನಡ 1991ರಿಂದಲೇ ಇತ್ತು. ಸಾಮಾನ್ಯರ ಯಂತ್ರಕ್ಕೆ ಅದು ಬಂದದ್ದು ವಿಂಡೋಸ್ ಎಕ್ಸ್‌ಪಿ, ತುಂಗಾ ಫಾಂಟಿನ ಜೊತೆಗೆ, 2001ರ ನಂತರ. ಅಲ್ಲಿಂದ ಮುಂದೆ ‘ಸಂಪದ’, ‘ಅವಧಿ’, ‘ಕೆಂಡಸಂಪಿಗೆ’ ಮತ್ತು ನೂರಾರು ಖಾಸಗಿ ಬ್ಲಾಗುಗಳು. ಆದರೆ ಇವುಗಳಲ್ಲಿ ಹೆಚ್ಚಿನವು ಕವಿತೆ, ಪ್ರಬಂಧ, ನೆನಪು, ಪುಸ್ತಕ, ಚರ್ಚೆ. ಸುದ್ದಿ ಕಡಿಮೆ. ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಇದರಿಂದ ಖುಷಿಯೇ, ನನ್ನ ತಲೆಮಾರಿನ ಗದ್ಯ ಕಲಿತದ್ದು ಅಲ್ಲಿ. ಸುದ್ದಿಯ ಚರಿತ್ರೆ ಬರೆಯುವಾಗ ಮಾತ್ರ ಯಾಕೆ ಹೀಗೆ ಅಂತ ಕೇಳಬೇಕಾಗ್ತದೆ. ಕವಿತೆಗೆ ಬಸ್ ಚಾರ್ಜು ಬೇಡ. ವರದಿಗೆ ಬೇಕು. ತಾಲೂಕು ಆಫೀಸಿಗೆ ನಾಲ್ಕು ಸಲ ಹೋಗಬೇಕು, ಫೋನು ಮಾಡಬೇಕು, ಯಾರಾದರೂ ಬೆದರಿಸಿದರೆ ಬೆನ್ನಿಗೆ ಸಂಸ್ಥೆ ಬೇಕು. ರಾತ್ರಿ ಮನೆಯಲ್ಲಿ ಕೂತು ಬರೆಯುವ ಬ್ಲಾಗಿಗನಿಗೆ ಸಿಗುವುದು ಇನ್ನೊಬ್ಬರ ಸುದ್ದಿಯನ್ನು ಓದಿ ಪ್ರಶ್ನೆ ಕೇಳುವ ಅವಕಾಶ. ಕನ್ನಡದಲ್ಲೂ ಮಾಧ್ಯಮಗಳನ್ನೇ ವಿಮರ್ಶಿಸುವ ಬ್ಲಾಗುಗಳು ಬಂದು, ಪತ್ರಿಕೆ ಮತ್ತು ಚಾನೆಲ್‌ಗಳ ಒಳಗಿನವರು ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡುವಂತಾದದ್ದು ಹೀಗೆ.

ಆವೃತ್ತಿಯ ಗಡಿ ಏನಾಯ್ತು? ಅರ್ಧ ಬಿತ್ತು. ಇ-ಪೇಪರ್ ಬಂದ ಮೇಲೆ ಜತ್ತಿನವರು ಮಂಗಳೂರು ಆವೃತ್ತಿ ಓದಬಹುದು, ಬೆಂಗಳೂರಿನವರು ಕಾಸರಗೋಡು ಪುಟ ತೆರೆಯಬಹುದು. ತೆರೆಯುತ್ತಾರಾ ಎನ್ನುವುದು ಬೇರೆ ಮಾತು. ತಮಾಷೆ ಏನೆಂದರೆ ಗಡಿಯೇ ಬೇಡದ ಅಂತರ್ಜಾಲದಲ್ಲಿಯೂ ಇ-ಪೇಪರ್ ಮೊದಲು ಕೇಳುವ ಪ್ರಶ್ನೆ, ನಿಮಗೆ ಯಾವ ಆವೃತ್ತಿ ಬೇಕು?

ಗಡಿ ಬಿದ್ದದ್ದು, ಬೀಳದೆ ಉಳಿದದ್ದು ಎರಡೂ ಒಟ್ಟಿಗೆ ಕಂಡದ್ದು 2020ರ ಮಾರ್ಚಿನಲ್ಲಿ. ಕೊರೋನಾ ಲಾಕ್‌ಡೌನಿನಲ್ಲಿ ಕರ್ನಾಟಕ ತಲಪಾಡಿ ಗಡಿಯನ್ನು ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಮಂಜೇಶ್ವರ, ಕುಂಬಳೆ ಕಡೆಯವರಿಗೆ ಆಸ್ಪತ್ರೆ ಅಂದ್ರೆ ಮಂಗಳೂರು, ಯಾವತ್ತಿನಿಂದಲೂ. ಆಂಬುಲೆನ್ಸ್‌ಗಳು ಗಡಿಯಿಂದ ವಾಪಸ್ ಹೋದವು, ಚಿಕಿತ್ಸೆ ಸಿಗದೆ ಜನ ಸತ್ತರು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ತಡೆಗಳನ್ನು ತೆಗೆಸುವಂತೆ ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯ್ತು, ಏಪ್ರಿಲ್ 7ಕ್ಕೆ ಎರಡು ರಾಜ್ಯಗಳ ನಡುವೆ ತುರ್ತು ರೋಗಿಗಳ ಬಗ್ಗೆ ಒಪ್ಪಂದ ಆಗಿದೆ ಅಂತ ಅಲ್ಲಿ ತಿಳಿಸಲಾಯ್ತು.

ಆ ದಿನಗಳಲ್ಲಿ ನಮ್ಮ ಮೊಬೈಲಿಗೆ ಎರಡು ಭಾಷೆಯ ಸುದ್ದಿ ಒಟ್ಟಿಗೆ ಬರ್ತಿತ್ತು. ಬೆಂಗಳೂರಿನ ಕನ್ನಡ ಚಾನೆಲ್ಲಿನಲ್ಲಿ ನಾವು ‘ಕೇರಳದವರು’, ಸೋಂಕು ತರುವವರು. ಮಲಯಾಳ ಚಾನೆಲ್ಲಿನಲ್ಲಿ ಕರ್ನಾಟಕ ಒಂದು ಕ್ರೂರ ನೆರೆರಾಜ್ಯ, ಸತ್ತವರು ‘ಕಾಸರಗೋಡಿನವರು’. ಸತ್ತವರಲ್ಲಿ ಕನ್ನಡ, ತುಳು ಮನೆಮಾತಿನವರೂ ಇರಬಹುದು ಎಂಬ ಯೋಚನೆಗೆ ಎರಡರಲ್ಲೂ ಜಾಗ ಇರಲಿಲ್ಲ. ಎರಡನ್ನೂ ಓದಬಲ್ಲ, ಎರಡರ ನಡುವಿನ ಸುಳ್ಳುಗಳನ್ನು ಹೋಲಿಸಿ ಹಿಡಿಯಬಲ್ಲ ಜನ ಅಂದ್ರೆ ನಾವೇ. ಬರೆದವರು ಇದ್ದರು ಕೂಡ. ಆದರೆ ಅಷ್ಟು ಹೊತ್ತಿಗೆ ಬ್ಲಾಗಿನ ಕಾಲ ಮುಗಿದಿತ್ತು. ಬರೆದದ್ದೆಲ್ಲ ವಾಟ್ಸಾಪ್ ಗುಂಪುಗಳಲ್ಲಿ.

ವಾಟ್ಸಾಪಿನ ಬರಹಕ್ಕೆ ವಿಳಾಸ ಇಲ್ಲ. ಮುಂದಕ್ಕೆ ಕಳಿಸಿದಾಗ ಬರೆದವನ ಹೆಸರು ಕಳಚಿ ಬೀಳ್ತದೆ, ದಿನಾಂಕವೂ ಹೋಗ್ತದೆ, ಫೋನು ಬದಲಾದರೆ ಬರಹವೇ ಹೋಗ್ತದೆ. ಬ್ಲಾಗಿಗೆ ಹೆಸರಿತ್ತು, ತಾರೀಕಿತ್ತು, ಹಳೆಯದಕ್ಕೆ ಕೊಂಡಿ ಇತ್ತು. ಟ್ರೆಂಟ್ ಲಾಟ್ ಪ್ರಸಂಗ ನಡೆದದ್ದು ಅದರ ಬಲದಲ್ಲಿ. ಹಾಗಾಗಿ ಸುದ್ದಿಯ ಮಟ್ಟಿಗೆ ಬ್ಲಾಗಿನಿಂದ ವಾಟ್ಸಾಪಿಗೆ ಬಂದದ್ದು ನನ್ನ ಲೆಕ್ಕದಲ್ಲಿ ಹಿಂದೆ ಸರಿದದ್ದು, ಓದುಗರ ಸಂಖ್ಯೆ ಎಷ್ಟೇ ಹೆಚ್ಚಾಗಿರಲಿ.

ಗೋಷ್ಠಿಯ ಕೊನೆಯಲ್ಲಿ ಅಧ್ಯಾಪಕರೊಬ್ಬರು, ಬ್ಲಾಗನ್ನು ಚರಿತ್ರೆಯ ಆಕರ ಅಂತ ಬಳಸಬಹುದಾ ಅಂತ ಕೇಳಿದರು. ಬಳಸಬಹುದು ಸರ್, ಸಿಕ್ಕಿದರೆ. 1843ರ ‘ಮಂಗಳೂರ ಸಮಾಚಾರ’ವನ್ನು ಇವತ್ತಿಗೂ ಓದ್ಲಿಕ್ಕಾಗ್ತದೆ. 1999ರ ಎಷ್ಟೋ ಕನ್ನಡ ಜಾಲಪುಟಗಳು ಕಾಣೆಯಾಗಿವೆ. ಇಂಟರ್‌ನೆಟ್ ಆರ್ಕೈವಿನಲ್ಲಿ ಉಳಿದ ಕೆಲವನ್ನು ತೆರೆದರೂ ಬರುವುದು ಅದೇ ಚಿಹ್ನೆಗಳ ರಾಶಿ, ಯಾಕೆಂದರೆ ಆ ಫಾಂಟು ಈಗ ನಮ್ಮಲ್ಲಿಲ್ಲ. ಫಾಂಟು ಸಿಕ್ಕಿದರೆ ಅದನ್ನು ಯೂನಿಕೋಡಿಗೆ ಬದಲಾಯಿಸುವುದು ದೊಡ್ಡ ಕೆಲಸ ಅಲ್ಲ. ಆದ್ದರಿಂದ ಸೊಲ್ಲಾಪುರ, ಅಕ್ಕಲಕೋಟೆ, ರಾಯದುರ್ಗ, ಹೊಸೂರು, ಗೋವಾ ಕಡೆಯಿಂದ ಸೇರಿರುವ ಗೆಳೆಯರಲ್ಲಿ ಒಂದು ಕೇಳಿಕೆ. ನಿಮ್ಮ ಊರಿನ ಕನ್ನಡ ಸಂಘದ ಕಪಾಟಿನಲ್ಲೋ, ನಿಂತುಹೋದ ವಾರಪತ್ರಿಕೆಯ ಡಿಟಿಪಿ ಅಂಗಡಿಯಲ್ಲೋ ಹಳೆಯ ಸಿಡಿ, ಹಾರ್ಡ್ ಡಿಸ್ಕ್ ಇದ್ದರೆ ಬಿಸಾಡಬೇಡಿ. ಕಡತಗಳ ಜೊತೆಗೆ ಫಾಂಟುಗಳ ಕಡತವನ್ನೂ ನಕಲು ಮಾಡಿಡಿ. ಯಾವ ವರ್ಷ, ಯಾವ ಊರು, ಯಾರು ಟೈಪ್ ಮಾಡಿದ್ದು ಅಂತ ಒಂದು ಚೀಟಿಯಲ್ಲಿ ಬರೆದು ಅದಕ್ಕೆ ಅಂಟಿಸಿ.